ಲೂಪಕ್ಕ ಹೊಲಿದ ಜೀನ್ಸು

ಜೀನ್ಸ್ ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ದುಡಿದವಳಿಗೆ ಗಂಡನಿಗೊಂದು ಜೀನ್ಸು ಹೊಲಿದುಕೊಡುವುದು ಎಷ್ಟರ ಮಾತು ಎಂದು ಮನೆಯವರೆಲ್ಲ ತಿಳಿದಿದ್ದರು. ಬೀದಿಯವರೂ ಹಾಗೆಯೇ ತಿಳಿದಿದ್ದರು. ಹಾಗಲ್ಲ ಎಂದು ಗೊತ್ತಿದ್ದವಳು ಲೂಪಕ್ಕ ಒಬ್ಬಳೇ.

ಆ ಹೆಸರು ಅವಳಿಗೆ ಅಂಟಿಕೊಂಡದ್ದೇ ಫ್ಯಾಕ್ಟರಿಯಲ್ಲಿ. ಪ್ಯಾಂಟಿನ ಸೊಂಟದ ಸುತ್ತ ಬೆಲ್ಟು ತೂರಿಸಲು ಪುಟ್ಟ ಪುಟ್ಟ ಪಟ್ಟಿಗಳಿರುತ್ತವಲ್ಲ, ಅವು ಲೂಪು. ಉದ್ದಕ್ಕೆ ಸಾಲು ಹಿಡಿದು ಕೂತ ಹೆಂಗಸರಲ್ಲಿ ಒಬ್ಬಳು ಜೇಬು ಹಚ್ಚುವವಳು, ಒಬ್ಬಳು ಜಿಪ್ಪು ಕೂರಿಸುವವಳು, ಇನ್ನೊಬ್ಬಳು ಕಾಲು ಕೂಡಿಸುವವಳು. ಅವಳ ಪಾಲಿಗೆ ಬಂದದ್ದು ಲೂಪು. ಸೇರಿದ ದಿನದಿಂದ ಫ್ಯಾಕ್ಟರಿಗೆ ಬೀಗ ಬಿದ್ದ ದಿನದವರೆಗೂ ಅವಳು ಬೇರೇನನ್ನೂ ಹೊಲಿದಿರಲಿಲ್ಲ. ಪ್ಯಾಂಟು ಅವಳ ಮೇಜಿಗೆ ಬರುವಾಗಲೇ ಮುಕ್ಕಾಲು ಪಾಲು ಪ್ಯಾಂಟಾಗಿರುತ್ತಿತ್ತು. ಲೂಪು ಹಚ್ಚಿ ಮುಂದೆ ತಳ್ಳಿದರೆ ಅವಳ ಋಣ ಮುಗಿಯಿತು. ಕಣ್ಣು ಕಟ್ಟಿ ಕೂರಿಸಿದರೂ ನೆಟ್ಟಗೆ ಹಚ್ಚುತ್ತಾಳೆ ಎಂದು ಗೆಳತಿಯರು ಹಾಸ್ಯ ಮಾಡುತ್ತಿದ್ದರು. ಅದು ಹಾಸ್ಯವೇನೂ ಆಗಿರಲಿಲ್ಲ.

ಫ್ಯಾಕ್ಟರಿ ಮುಚ್ಚಿದ್ದು ಒಂದು ಗಾಯವಾದರೆ, ಅದರ ಮೇಲೆ ಬರೆ ಎಳೆದಂತೆ ಗಂಡ ಬಿದ್ದ. ಅವನು ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ಕಟ್ಟಡವೊಂದರಲ್ಲಿ ಲಿಫ್ಟಿನ ಗುಂಡಿಯೊಳಗೆ ಇಳಿಯುತ್ತಿದ್ದಾಗ ಕೈ ಜಾರಿತು. ಜೀವ ಉಳಿಯಿತು, ಕಾಲೂ ಉಳಿಯಿತು ಎಂದು ಡಾಕ್ಟರು ಹೇಳಿದರು. ಆದರೆ ತೊಡೆಯಿಂದ ಪಾದದವರೆಗೆ ಎರಡು ಕಡೆ ಕಬ್ಬಿಣದ ಸರಳು, ನಡುವೆ ಚರ್ಮದ ಪಟ್ಟಿಗಳು. ಅದಿಲ್ಲದೆ ಅವನು ನಿಲ್ಲುವಂತಿರಲಿಲ್ಲ. ಅದರ ಮೇಲೆ ಯಾವ ಪ್ಯಾಂಟೂ ಹತ್ತದೆ, ತಾಯಿ ಹೊಲಿದುಕೊಟ್ಟ ಅಗಲ ಕಾಲಿನ ಪೈಜಾಮ ತೊಟ್ಟು ಅವನು ಕಿಟಕಿಯ ಪಕ್ಕ ಕೂತಿರುತ್ತಿದ್ದ. ಆಸ್ಪತ್ರೆಯಿಂದ ಬಂದಮೇಲೆ ಮೆಟ್ಟಿಲಿಳಿದು ಬೀದಿಗೆ ಹೋದದ್ದೇ ಇಲ್ಲ.

ಒಂದು ಸಂಜೆ ಅವನ ಕಂಪನಿಯ ಸೂಪರ್‌ವೈಸರು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದರು. ತಲೆ ನರೆತ, ಮೆಲ್ಲಗೆ ಮಾತಾಡುವ ಮನುಷ್ಯ. ಟೀ ಕುಡಿಯುತ್ತಾ ವಿಷಯಕ್ಕೆ ಬಂದರು.

"ನೋಡಯ್ಯ, ಸ್ಟೋರಿನ ಮುದುಕ ಕೆಲಸ ಬಿಡ್ತಾ ಇದ್ದಾನೆ. ಕೂತು ಮಾಡೋ ಕೆಲಸ. ನಟ್ಟು, ಬೋಲ್ಟು, ರೋಲರು ಕೇಳ್ದವರಿಗೆ ತೆಗೆದು ಕೊಡೋದು. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ? ಮಾಲೀಕರನ್ನ ಹೇಗೋ ಒಪ್ಪಿಸಿದ್ದೀನಿ. ಬರೋ ತಿಂಗಳ ಮೊದಲ ಸೋಮವಾರ ವ್ಯಾನು ಬರುತ್ತೆ, ಹತ್ತಿಬಿಡು."

"ಈ ಪೈಜಾಮದಲ್ಲಾ?" ಎಂದ ಮೆಕ್ಯಾನಿಕ್.

"ಪ್ಯಾಂಟು ಹಾಕ್ಕೊಂಡು, ಮೇಲೆ ಪಟ್ಟಿ ಕಟ್ಕೋಬಹುದಲ್ಲ?"

"ನನ್ನ ಕೈಕೆಳಗೆ ಕಲಿತ ಹುಡುಗರೆಲ್ಲ ಅಲ್ಲೇ ಇರ್ತಾರೆ ಸಾರ್. ಅವರ ಮುಂದೆ ಗಾಡಿ ಕುದುರೆ ಥರ ಪಟ್ಟಿ ಬಿಗ್ಕೊಂಡು ಬರ್ಲಾ?"

ಸೂಪರ್‌ವೈಸರು ಬಟ್ಟಲೊಳಗೆ ನೋಡಿದರು. ಮಾತು ಅಲ್ಲಿಗೇ ನಿಂತೀತೆಂದು ಹೆದರಿ ಅತ್ತೆ ಅಡುಗೆಮನೆಯಿಂದ ಈಚೆ ಬಂದರು.

"ಮನೇಲೇ ಫ್ಯಾಕ್ಟರಿ ಇಟ್ಕೊಂಡು ಪ್ಯಾಂಟಿಗೆ ಅಳ್ತೀಯಲ್ಲೋ! ನಿನ್ನ ಕಾಲಿನ ಅಳತೆಗೆ ಇವಳು ಹೊಲೀತಾಳೆ. ಒಳಗೆ ಕಬ್ಬಿಣ ಇದ್ಯೋ ಬಂಗಾರ ಇದ್ಯೋ, ಯಾರು ನೋಡ್ತಾರೆ?"

ಎಲ್ಲರೂ ಲೂಪಕ್ಕನ ಕಡೆ ತಿರುಗಿದರು. ಬಾಗಿಲಲ್ಲಿ ನಿಂತು ಮೊಬೈಲು ಒತ್ತುತ್ತಿದ್ದ ಮಗಳೂ ತಲೆಯೆತ್ತಿದಳು.

"ಹೊಲೀತೀಯಾ?" ಎಂದು ಗಂಡ ಕೇಳಿದ. ಎಷ್ಟೋ ದಿನಗಳ ಮೇಲೆ ಅವನು ಅವಳನ್ನು ಏನೋ ಒಂದು ಕೇಳಿದ್ದ.

"ಹೊಲೀದೆ ಏನು?" ಎಂದಳು ಲೂಪಕ್ಕ.

"ಹಾಗಿದ್ರೆ ಬರ್ತೀನಿ ಸಾರ್. ಮೊದಲಿನ ಥರ ಜೀನ್ಸು ಹಾಕ್ಕೊಂಡು ಇಳಿಯೋ ಹಾಗಿದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ."

ಸೂಪರ್‌ವೈಸರು ಹೋದಮೇಲೆ ಲೂಪಕ್ಕ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಲು ಕೂತಳು. ಅತ್ತೆ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು.

"ಅತ್ತೆ, ನನಗೆ ಬರೋದು ಲೂಪು ಒಂದೇ."

"ಹಾಗಂದ್ರೆ?"

"ಪ್ಯಾಂಟು ಹೊಲಿಯೋಕೆ ಬರಲ್ಲ."

ಅತ್ತೆಯ ಕೈಯ ಚಾಕು ನಿಂತಿತು. "ಅಡುಗೆಯವಳು ನನಗೆ ಉಪ್ಪು ಹಾಕೋದೊಂದು ಗೊತ್ತು ಅಂದ ಹಾಗಾಯ್ತು ನಿನ್ನ ಮಾತು."

"ಹೌದು ಅತ್ತೆ. ಉಪ್ಪು ಹಾಕೋದೊಂದೇ ಗೊತ್ತು."

"ಮತ್ತೆ ಅಷ್ಟು ವರ್ಷ ಸಂಬಳ ಕೊಟ್ರಲ್ಲ?"

"ಉಪ್ಪಿಗೇ ಕೊಟ್ರು."

ಅತ್ತೆ ಬೈಯುತ್ತಾರೆಂದು ಲೂಪಕ್ಕ ಕಾದಳು. ಸೊಸೆಯನ್ನು ಬೈಯುವುದರಲ್ಲಿ ಅತ್ತೆ ಎಂದೂ ಜಿಪುಣತನ ತೋರಿದವರಲ್ಲ. ಆದರೆ ಅವರು ಹೊರಗಿನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅವನಿಗೆ ಹೇಳ್ಬೇಡ. ಕಲಿತುಬಿಡು. ನನ್ನ ಮಷಿನ್ನು ತಗೋ. ಆದ್ರೆ ಎಣ್ಣೆ ಹಾಕದೆ ತುಳಿದ್ರೆ ನಿನ್ನ ಕಾಲು ಮುರೀತೀನಿ."

ಆಡಿದ ಮೇಲೆ ಆ ಮಾತು ಆ ಮನೆಯಲ್ಲಿ ಆಡಬಾರದ್ದಾಗಿತ್ತೆಂದು ಅವರಿಗೇ ಅನ್ನಿಸಿರಬೇಕು. ಆಲೂಗಡ್ಡೆಯನ್ನು ಅಗತ್ಯಕ್ಕಿಂತ ತೆಳ್ಳಗೆ ಹೆರೆಯತೊಡಗಿದರು.

ಮೊದಲು ಅವಳು ಹೋದದ್ದು ಬೀದಿಯ ಮೂಲೆಯ ಟೈಲರ ಹತ್ತಿರ. ಕತ್ತರಿಸಿಯಾದರೂ ಕೊಡುತ್ತಾನೇನೋ ಎಂಬ ಆಸೆ.

"ನನ್ನ ಮಷಿನ್ನು ಷರಟಿನದು ಅಕ್ಕಾ, ಜೀನ್ಸಿನ ದಪ್ಪ ತಡೆಯಲ್ಲ" ಎಂದ ಟೈಲರು. "ಕತ್ತರಿಸಿ ಕೊಡ್ಬೇಕಾದ್ರೆ ಅವರು ಬಂದು ಅಳತೆ ಕೊಡ್ಬೇಕು."

"ಅವರು ಬರಲ್ಲ."

"ನಾನೇ ಮನೆಗೆ ಬರ್ಲಾ?"

"ಅದೂ ಬೇಡ ಅಂತಾರೆ."

ಟೈಲರು ಡಬ್ಬಿಯಲ್ಲಿ ಕೈಯಾಡಿಸಿ ಒಂದಷ್ಟು ದಪ್ಪ ಸೂಜಿಗಳನ್ನು ಹುಡುಕಿ ಕಾಗದದಲ್ಲಿ ಸುತ್ತಿಕೊಟ್ಟ. ದುಡ್ಡು ಚಾಚಿದರೆ, "ಮುರಿಯೋ ಸೂಜಿಗೆ ದುಡ್ಡು ತಗೊಂಡ್ರೆ ಪಾಪ ಬರುತ್ತೆ, ಹೋಗಕ್ಕಾ" ಎಂದು ನಕ್ಕ.

ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ವಿಡಿಯೋ ಹುಡುಕಿಕೊಟ್ಟಳು. ಹಳೆಯ ಪ್ಯಾಂಟೊಂದನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ತುಂಡುಗಳನ್ನು ಪೇಪರಿನ ಮೇಲಿಟ್ಟು ಗೀಚಿಕೊಂಡರೆ ಅಳತೆಯ ಮಾದರಿ ಸಿಗುತ್ತದೆ ಎಂದು ಅದರಲ್ಲೊಬ್ಬಳು ಹೇಳುತ್ತಿದ್ದಳು. ಅತ್ತೆ ಕಪಾಟು ತೆರೆದು ಮಗನ ಹಳೆಯ ಜೀನ್ಸೊಂದನ್ನು ತೆಗೆದರು. ಮೂವರೂ ಸುತ್ತ ಕೂತು ಬ್ಲೇಡಿನಿಂದ ಬಿಚ್ಚತೊಡಗಿದರು. ಲೂಪಕ್ಕನಿಗೆ ಅದೊಂದು ಸೋಜಿಗ. ಜೇಬಿನೊಳಗೆ ಇನ್ನೊಂದು ಜೇಬಿತ್ತು. ಸೊಂಟಪಟ್ಟಿ ನೇರ ಪಟ್ಟಿಯಲ್ಲ, ಬಾಗಿದ್ದು. ಅಷ್ಟು ವರ್ಷ ಕೈಯಲ್ಲಿ ಹಾದುಹೋದ ವಸ್ತುವಿನ ಒಳಗೆ ಇಷ್ಟೆಲ್ಲ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ನಿದ್ದೆ ಮುಗಿಸಿ ಗಂಡ ಗೋಡೆ ಹಿಡಿದುಕೊಂಡು ಈಚೆ ಬಂದ. ನೆಲದ ಮೇಲೆ ಅವನ ಪ್ಯಾಂಟು ಕೊಯ್ದ ಕೋಳಿಯಂತೆ ತುಂಡು ತುಂಡಾಗಿ ಹರಡಿತ್ತು.

"ಏನಿದು?"

"ನಿನ್ನ ಹಳೇ ಪ್ಯಾಂಟು ಕಣೋ" ಎಂದರು ಅತ್ತೆ. "ಮಾದರಿಗೆ ಬಿಚ್ಚಿದ್ವಿ."

"ಕೇಳದೇನೇ?"

"ಹೇಗೂ ಹಾಕ್ಕೊಳ್ತಿರ್ಲಿಲ್ಲವಲ್ಲಪ್ಪ" ಎಂದಳು ಮಗಳು.

"ಹಾಕ್ಕೊಳ್ಳಲ್ಲ ಅಂತ ನಿನಗೆ ಯಾರು ಹೇಳಿದ್ರು? ಈ ಪಟ್ಟಿ ಹೋದ್ಮೇಲೆ ಹಾಕ್ಕೊಳ್ತಿದ್ದೆ!"

ಪಟ್ಟಿ ಹೋಗುವುದಿಲ್ಲವೆಂದು ಡಾಕ್ಟರು ಹೇಳಿದ್ದು ನಾಲ್ವರಿಗೂ ಗೊತ್ತಿತ್ತು. ಮೆಕ್ಯಾನಿಕ್ ಹೆಂಡತಿಯ ಕಡೆ ತಿರುಗಿದ.

"ನಿನಗೆ ಮಾದರಿ ಯಾಕೆ ಬೇಕಾಯ್ತು? ಫ್ಯಾಕ್ಟರೀಲಿ ಏನು ಕಿಸಿದೆ ಅಷ್ಟು ವರ್ಷ?"

ಲೂಪಕ್ಕ ತಲೆ ತಗ್ಗಿಸಿ ದಾರದ ಚೂರುಗಳನ್ನು ಆಯುತ್ತಿದ್ದಳು. ಅತ್ತೆಯೇ ಉತ್ತರಿಸಿದರು. "ಅವಳಿಗೆ ಬರುತ್ತೆ ಕಣೋ. ನನಗೆ ತೋರಿಸಿಕೊಡೋಕೆ ಬಿಚ್ಚಿದ್ಲು. ಮುದುಕಿಗೂ ಒಂದು ವಿದ್ಯೆ ಬರ್ಲಿ ಬಿಡು."

ಆ ರಾತ್ರಿಯಿಂದ ಅವನು ತಟ್ಟೆಯನ್ನು ಕಿಟಕಿಯ ಬಳಿಗೇ ತರಿಸಿಕೊಂಡು ಒಬ್ಬನೇ ಉಣ್ಣತೊಡಗಿದ.

ಬಟ್ಟೆ ತರಲು ತಾಯಿ ಮಗಳು ಹಳೆಯ ಫ್ಯಾಕ್ಟರಿಯ ಹಿಂದಿನ ಬೀದಿಗೆ ಹೋದರು. ಮುಚ್ಚಿದ ಫ್ಯಾಕ್ಟರಿಯ ಗೋದಾಮಿನಲ್ಲಿ ಉಳಿದಿದ್ದ ಬಟ್ಟೆಯ ಥಾನುಗಳನ್ನು ಅಲ್ಲಿ ತೂಕಕ್ಕೆ ಹಾಕಿ ಮಾರುತ್ತಿದ್ದರು. ಗ್ಯಾಸಿಗೆಂದು ಎತ್ತಿಟ್ಟ ದುಡ್ಡು ಒಂದು ಪ್ಯಾಂಟಿನಷ್ಟು ಬಟ್ಟೆಗೆ ಸರಿಹೋಯಿತು. ಗಾಢ ನೀಲಿ ಬಣ್ಣದ, ರಟ್ಟಿನಂಥ ಬಟ್ಟೆ. ಲೂಪಕ್ಕ ಅದನ್ನು ಮೂಗಿಗೆ ಹಿಡಿದಳು. ಅದೇ ವಾಸನೆ. ಸಾಲಿನಲ್ಲಿ ತನ್ನ ಎಡಕ್ಕೆ ಕೂರುತ್ತಿದ್ದವಳ ಕೆಮ್ಮು ಕೂಡ ಕೇಳಿಸಿದಂತಾಯಿತು.

ಆ ವಾರ ಗ್ಯಾಸು ಉಳಿಸಲು ಅತ್ತೆ ಬೆಳಗಿನ ಅನ್ನವನ್ನೇ ಸಂಜೆಗೂ ಇಟ್ಟರು. ಕೆಲವು ದಿನ ಬ್ರೆಡ್ಡು, ಟೀಯಲ್ಲೇ ಮುಗಿಯಿತು. ಮಗನ ತಟ್ಟೆಗೆ ಮಾತ್ರ ಮೊಟ್ಟೆ ತಪ್ಪಲಿಲ್ಲ.

ಜಗಳವಾದದ್ದು ಬಟ್ಟೆ ಕತ್ತರಿಸುವ ದಿನ.

"ಅಮ್ಮ, ಮೊದಲು ಬಟ್ಟೆ ಒಗೀಬೇಕಂತೆ" ಎಂದಳು ಮಗಳು, ಮೊಬೈಲು ತೋರಿಸುತ್ತಾ. "ಬಿಸಿನೀರಲ್ಲಿ ಒಗೆದು, ಒಣಗಿಸಿ, ಆಮೇಲೆ ಕತ್ತರಿಸಬೇಕಂತೆ."

"ಯಾರಂದ್ರು?"

"ಇವಳು."

"ಇವಳು ಯಾವ ಫ್ಯಾಕ್ಟರೀಲಿದ್ಲಂತೆ?"

"ಯಾವ ಫ್ಯಾಕ್ಟರೀಲೂ ಇಲ್ಲಮ್ಮ, ಮನೇಲೇ ಹೊಲೀತಾಳೆ."

"ಹಾಗ್ ಹೇಳು!" ಎಂದಳು ಲೂಪಕ್ಕ. ಸೂಪರ್‌ವೈಸರು ಬಂದುಹೋದಮೇಲೆ ಮೊದಲ ಸಲ ಅವಳ ದನಿ ಎತ್ತರವಾಯಿತು. "ಫ್ಯಾಕ್ಟರೀಲಿ ಯಾರೂ ಬಟ್ಟೆ ಒಗೀತಿರ್ಲಿಲ್ಲ. ಹೊಲಿದಾದ್ಮೇಲೇ ವಾಷಿಂಗಿಗೆ ಹೋಗೋದು. ನನ್ನ ಕಣ್ಣಾರೆ ನೋಡಿದ್ದೀನಿ. ಅಂಗಳದಾಚೆ ದೊಡ್ಡ ಡ್ರಮ್ಮುಗಳಿದ್ವು. ರಟ್ಟಿನ ಥರ ಹೋದ ಪ್ಯಾಂಟು ಬೆಣ್ಣೆ ಥರ ಈಚೆ ಬರ್ತಿತ್ತು. ಒಗೆದ ಬಟ್ಟೆ ಮೆತ್ತಗಾದ್ರೆ ಕತ್ತರಿ ನೆಟ್ಟಗೆ ಹೋಗುತ್ತಾ?"

"ಆದ್ರೂ ಅಮ್ಮ..."

"ಅವಳು ಕಂಡಿದ್ದು ಅವಳಿಗೆ ಗೊತ್ತು ಕಣೇ" ಎಂದರು ಅತ್ತೆ ಮೊಮ್ಮಗಳಿಗೆ. "ಮೊಬೈಲಿಗಿಂತ ನಿಮ್ಮಮ್ಮ ಹಳಬಳು."

ಕಿಟಕಿಯ ಬಳಿಯಿಂದ ಮೆಕ್ಯಾನಿಕ್ ಕೂಡ ದನಿಗೂಡಿಸಿದ. "ಕೆಲಸ ಮಾಡಿ ಗೊತ್ತಿದ್ದವರ ಮಾತು ಕೇಳಬೇಕಮ್ಮ ಮಗಳೇ."

ಲೂಪಕ್ಕನ ಮುಖ ಕೆಂಪಾಯಿತು. ಗಂಡ ತನ್ನ ಪಕ್ಷ ವಹಿಸಿದ್ದು ಯಾವ ಕಾಲದ ಮಾತು ಎಂದು ನೆನಪಾಗಲಿಲ್ಲ. ಮಗಳು ಮೊಬೈಲನ್ನು ಮಡಿಲಿಗೆ ಹಾಕಿಕೊಂಡು ಸೀಮೆಸುಣ್ಣ ಎತ್ತಿಕೊಟ್ಟಳು. ಒಗೆಯದ ಬಟ್ಟೆಯ ಮೇಲೆಯೇ ಗೆರೆ ಎಳೆಯುವುದೆಂದಾಯಿತು.

ಗೆರೆ ಎಳೆಯುವ ಮುಂಚೆ ಕಾಲಿನ ಅಳತೆ ಬೇಕಾಗಿತ್ತು. ಮಾದರಿ ಮೊದಲಿನ ಕಾಲಿನದು. ಅತ್ತೆ ಮೊಮ್ಮಗಳನ್ನು ಕರೆದುಕೊಂಡು ತರಕಾರಿಗೆಂದು ಹೊರಟರು. ಮನೆಯಲ್ಲಿ ತರಕಾರಿ ಇತ್ತು.

ಮೆಕ್ಯಾನಿಕ್ ಗೋಡೆಯ ಕಡೆ ನೋಡುತ್ತಾ ಪೈಜಾಮ ಕಳಚಿದ. ಸರಳುಗಳ ನಡುವೆ ಕಾಲು ಬಿಸಿಲು ಕಾಣದ ಗಿಡದಂತೆ ಬಡವಾಗಿತ್ತು. ಲೂಪಕ್ಕ ಟೇಪನ್ನು ಕಬ್ಬಿಣದ ಮೇಲಿಂದ ಸುತ್ತಿದಳು. ತಣ್ಣನೆಯ ಟೇಪು ಚರ್ಮಕ್ಕೆ ತಾಗದಂತೆ ಬೆರಳು ಅಡ್ಡ ಇಟ್ಟುಕೊಂಡಳು.

"ಎಷ್ಟು?"

"ನಿಮ್ಮ ತೊಡೆ ನನ್ನ ಸೊಂಟದಷ್ಟಾಯ್ತು."

"ಅದು ಕಬ್ಬಿಣದ ಸುತ್ತಳತೆ. ನನ್ನದೇನಿದೆ ಅದರಲ್ಲಿ."

"ಕಬ್ಬಿಣಾನೂ ಈ ಮನೇದೇ ಅಲ್ವಾ" ಎಂದಳು ಅವಳು. ಅವನು ಟೇಪು ಕೆಳಗಿಳಿಸಲು ಅವಳಿಗೆ ಅನುಕೂಲವಾಗಲೆಂದು ಕಾಲನ್ನು ಎರಡೂ ಕೈಯಿಂದ ಎತ್ತಿ ಹಿಡಿದುಕೊಂಡ.

ಹೊಲಿಗೆ ಸುಲಭಕ್ಕೆ ಮಣಿಯಲಿಲ್ಲ. ನಾಲ್ಕು ಪದರ ಕೂಡುವ ಕಡೆಗಳಲ್ಲಿ ಟೈಲರ ಸೂಜಿಗಳು ಒಂದೊಂದಾಗಿ ಮುರಿದವು. ಮಷಿನ್ನಿನ ಸದ್ದು ನೆಲಕ್ಕೆ ಬಡಿಯದಿರಲೆಂದು ಮಗಳು ಕೆಳಗೆ ಕಂಬಳಿ ಮಡಿಸಿ ಹಾಕಿದಳು. ಆದರೂ ಕೆಳಗಿನ ಮನೆಯಾಕೆ ಒಂದು ದಿನ ಮೇಲೆ ಬಂದಳು. ಬೈಯಲು ಬಂದಳೆಂದೇ ಎಲ್ಲರೂ ಅಂದುಕೊಂಡರು. ಅವಳು ಒಳಗೆ ಕಣ್ಣು ಹಾಯಿಸಿ, "ಮಗು ಮಲಗೋ ಹೊತ್ತು ಒಂದು ಗಂಟೆ ಬಿಟ್ಟು ಹೊಲಿದ್ರೆ ಸಾಕು, ಉಳಿದ ಹೊತ್ತು ಹೊಲ್ಕೊಳ್ಳಿ" ಎಂದು ಹೇಳಿ ಇಳಿದುಹೋದಳು.

ಜಿಪ್ಪು ಕೂರಿಸಲು ಎರಡು ದಿನ ಹಿಡಿಯಿತು. ಕಡೆಗೊಂದು ಮಧ್ಯಾಹ್ನ ಕೂತಿತು. ಲೂಪಕ್ಕ ಸಂಭ್ರಮದಿಂದ ಗಂಡನ ಮುಂದೆ ಹಿಡಿದಳು. ಅವನು ಜಿಪ್ಪನ್ನು ಮೇಲೆ ಕೆಳಗೆ ಎಳೆದು ನೋಡಿದ. ಮುಖ ಗಂಟಿಕ್ಕಿತು, ಮತ್ತೆ ಸಡಿಲವಾಯಿತು.

"ಲೇ, ಇದರ ಮುಚ್ಚಳ ಹೆಂಗಸರ ಪ್ಯಾಂಟಿನ ಥರ ಉಲ್ಟಾ ತೆರೆಯುತ್ತಲ್ಲೇ!"

"ಹಾಂ?"

"ಎಡಗೈಯವನಿಗೆ ಹೊಲಿದಿದ್ದೀಯ. ಅವಸರಕ್ಕೆ ಹೋದ್ರೆ ನಾನು ನೆನೆದುಬಿಡ್ತೀನಿ!"

ಅವನು ನಕ್ಕ. ಎದೆಯೊಳಗಿನಿಂದ, ಕೆಮ್ಮು ಬರುವವರೆಗೆ ನಕ್ಕ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು. ಮಗ ನಗುತ್ತಿದ್ದಾನೆಂದು ಕಂಡು, ಯಾಕೆಂದು ಗೊತ್ತಿಲ್ಲದೆಯೇ ಅವರೂ ನಕ್ಕರು. ಆ ರಾತ್ರಿ ಅವನು ಎಲ್ಲರ ಜೊತೆ ಕೂತು ಉಂಡ. ಸ್ಟೋರಿನ ಮುದುಕ ರೋಲರುಗಳನ್ನು ಹೇಗೆ ಅಸ್ತವ್ಯಸ್ತವಾಗಿ ಇಟ್ಟಿದ್ದಾನೆ, ತಾನು ಹೋದರೆ ಅವನ್ನು ಹೇಗೆ ಜೋಡಿಸುತ್ತೇನೆ ಎಂದು ಬಾಯಿ ತುಂಬ ಅನ್ನ ಇಟ್ಟುಕೊಂಡೇ ಹೇಳಿದ. ಲೂಪಕ್ಕ ಮರುದಿನ ಜಿಪ್ಪು ಬಿಚ್ಚಿ ಮತ್ತೆ ಕೂರಿಸಿದಳು.

ಕಾಲುಗಳನ್ನು ಕೂಡಿಸುವ ಹೊಲಿಗೆಯನ್ನು ಅಂಚು ಮಡಿಚಿ ಎರಡೆರಡು ಸಾಲು ಹಾಕಿದಳು. ಕಬ್ಬಿಣದ ಒತ್ತಡಕ್ಕೆ ಎಂದೂ ಬಿಚ್ಚಿಕೊಳ್ಳಬಾರದು. ಕೊನೆಯಲ್ಲಿ ಉಳಿದದ್ದು ಲೂಪು. ಅದನ್ನು ಹಚ್ಚುವಾಗ ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ತಾಯಿಯ ಕೈ ಮಷಿನ್ನಿನ ಕೆಳಗೆ ನೀರು ಹರಿದಂತೆ ಹರಿಯಿತು.

"ಅಬ್ಬಾ ಅಮ್ಮ!" ಎಂದಳು.

"ಇದಕ್ಕೇನು, ಇದು ಲೂಪು" ಎಂದಳು ಲೂಪಕ್ಕ.

ಶನಿವಾರ ಸಂಜೆ ಅವನಿಗೆ ತೊಡಿಸಿ ನೋಡಿದರು. ಪ್ಯಾಂಟು ಕಬ್ಬಿಣವನ್ನು ನುಂಗಿಕೊಂಡು ಮೇಲೆ ಹತ್ತಿತು. ಸೊಂಟದ ಗುಂಡಿಯೂ ಕೂಡಿತು. ಮೆಕ್ಯಾನಿಕ್ ಕಿಟಕಿಯ ಸರಳು ಹಿಡಿದು ನಿಂತ. ಒಂದು ಕಾಲು ಸ್ವಲ್ಪ ದಪ್ಪ, ಅಷ್ಟೇ. ತಿಳಿಯದವರಿಗೆ ಅದೂ ಕಾಣದು.

"ಹಿಂದೆ ಹೇಗಿದೆ ನೋಡಮ್ಮ" ಎಂದು ಮಗಳಿಗೆ ಹೇಳಿದ.

"ಹೀರೋ ಥರ ಇದ್ದೀಯಪ್ಪ."

"ಹೊಟ್ಟೆ ಬಂದಿರೋ ಹೀರೋ" ಎಂದರು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.

ಅವನು ನಾಲ್ಕು ಹೆಜ್ಜೆ ಹಾಕಿದ. ಬಟ್ಟೆ ಹಲಗೆಯಂತೆ ಸೆಟೆದಿತ್ತು. ತೊಡೆಯ ಒಳಗಿನ ದಪ್ಪ ಹೊಲಿಗೆ ಚರ್ಮದ ಪಟ್ಟಿಯನ್ನು ಒತ್ತಿ, ಪಟ್ಟಿ ಮಾಂಸವನ್ನು ಒತ್ತುತ್ತಿತ್ತು. ಅವನು ತುಟಿ ಕಚ್ಚಿದ್ದನ್ನು ಲೂಪಕ್ಕ ನೋಡಿದಳು.

"ನೋಯ್ತಿದ್ಯಾ?"

"ಇಲ್ಲ. ಸ್ವಲ್ಪ ಬಿರುಸು."

"ವಾಷಿಂಗಿಗೆ ಹೋಗಿಲ್ಲವಲ್ಲ, ಅದಕ್ಕೆ. ನಾಳೆ ಬಿಸಿನೀರಲ್ಲಿ ಒಗೆದುಬಿಡ್ತೀನಿ. ಬೆಣ್ಣೆ ಆಗುತ್ತೆ."

"ಅಮ್ಮ, ಸರಿಯಾಗಿ ಕೂತಿದೆ, ಹಾಗೇ ಇರ್ಲಿ" ಎಂದಳು ಮಗಳು. "ಇಲ್ಲಾಂದ್ರೆ ತಣ್ಣೀರಲ್ಲಿ ಹಾಕು."

"ತಣ್ಣೀರಲ್ಲಿ ಮೆತ್ತಗಾಗುತ್ತೇನೇ? ನಿಮ್ಮಪ್ಪ ದಿನವೆಲ್ಲ ಇದನ್ನ ಹಾಕ್ಕೊಂಡು ಕೂರ್ಬೇಕು. ಚರ್ಮ ಸುಲಿದ್ರೆ?"

ಭಾನುವಾರ ಅತ್ತೆಯೇ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದರು. ಗ್ಯಾಸು ಮುಗಿದರೆ ಮುಗಿಯಲಿ ಎಂದರು. ಬಕೆಟ್ಟಿನಿಂದ ಹಬೆ ಏಳುತ್ತಿತ್ತು. ಲೂಪಕ್ಕ ಕೋಲಿನಿಂದ ಪ್ಯಾಂಟನ್ನು ತಿರುಗಿಸಿದಳು, ನೀರು ಕಡುನೀಲಿಯಾಯಿತು. ಇಷ್ಟೇ ಹಬೆ, ಇದೇ ನೀಲಿ, ಅಂಗಳದಾಚೆ ಹೀಗೇ ಇರುತ್ತಿತ್ತು. ಅವಳಿಗೆ ಯಾವ ಅನುಮಾನವೂ ಬರಲಿಲ್ಲ. ಬಾಲ್ಕನಿಯಲ್ಲಿ ನೇತುಹಾಕಿದಾಗ ನೀಲಿ ಹನಿಗಳು ಕೆಳಗಿನ ಮನೆಯವರ ಬಿಳಿ ಹಾಸಿಗೆ ಬಟ್ಟೆಯ ಮೇಲೆ ಬಿದ್ದವು. ಕೆಳಗಿನಾಕೆ ಈಚೆ ಬಂದು, ಮೇಲೆ ನೋಡಿ, ಒಂದು ಮಾತೂ ಆಡದೆ ತನ್ನ ಬಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ಪ್ಯಾಂಟು ಒಣಗಿತ್ತು. ಮೆತ್ತಗೂ ಆಗಿತ್ತು. ಇಸ್ತ್ರಿ ಹಾಕುವಾಗ ಮಗಳು ಬಾಗಿಲಲ್ಲಿ ಬಂದು ನಿಂತಳು.

"ಅಮ್ಮ, ಚಿಕ್ಕದಾಗಿ ಕಾಣ್ತಿಲ್ವಾ?"

"ಇಸ್ತ್ರಿ ಬಿದ್ರೆ ಹಿಗ್ಗುತ್ತೆ" ಎಂದಳು ಲೂಪಕ್ಕ. ಎರಡು ಸಲ ಇಸ್ತ್ರಿ ಹಾಕಿದಳು. ಅಂಚು ಹಿಡಿದು ಜಗ್ಗಿದಳು. ಮಗಳು ಇನ್ನೊಂದು ತುದಿ ಹಿಡಿದುಕೊಂಡಳು. "ನಾನು ಹೇಳಿದ್ದೆ" ಎಂಬ ಮಾತು ಅವಳ ಬಾಯಿಂದ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸುವ ಮೇಜು ಬೇರೆ ಕಟ್ಟಡದಲ್ಲಿತ್ತು. ಬಿಸಿನೀರಿಗೆ ಬಟ್ಟೆ ಎಷ್ಟು ಕುಗ್ಗುತ್ತದೆಂದು ಲೆಕ್ಕ ಹಾಕಿ, ಅಷ್ಟು ದೊಡ್ಡದಾಗಿಯೇ ಅಲ್ಲಿ ಕತ್ತರಿಸುತ್ತಿದ್ದರು. ಲೂಪಿನ ಮೇಜಿನವರೆಗೆ ಬಂದು ಅದನ್ನು ಯಾರೂ ಹೇಳಿರಲಿಲ್ಲ.

ಮೆಕ್ಯಾನಿಕ್ ಗಡ್ಡ ಹೆರೆದು, ತಲೆ ಬಾಚಿ, ಕಂಪನಿಯ ಷರಟು ತೊಟ್ಟು ಮಂಚದ ಅಂಚಿನಲ್ಲಿ ಕೂತಿದ್ದ. ಅತ್ತೆ ಅವನ ಊಟದ ಡಬ್ಬಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು. ಒಳ್ಳೆಯ ಕಾಲು ಸುಲಭವಾಗಿ ತೂರಿತು. ಇನ್ನೊಂದು ಕಾಲಿನಲ್ಲಿ ಪ್ಯಾಂಟು ಮಂಡಿಯ ಬಳಿಯ ಸರಳಿನ ಗಂಟಿನವರೆಗೆ ಬಂದು ನಿಂತಿತು.

"ಸ್ವಲ್ಪ ಎತ್ತಿ" ಎಂದಳು ಲೂಪಕ್ಕ.

ಅವನು ಎತ್ತಿದ. ಅವಳು ಎಳೆದಳು. ಅತ್ತೆ ಆ ಬದಿಯಿಂದ, ಮಗಳು ಈ ಬದಿಯಿಂದ ಹಿಡಿದರು.

"ನಿಧಾನ, ಅವನಿಗೆ ನೋಯುತ್ತೆ!" ಎಂದರು ಅತ್ತೆ.

"ಎಳೀರಿ, ನನಗೇನೂ ಆಗಲ್ಲ" ಎಂದ ಅವನು, ಹಣೆಯ ಮೇಲೆ ಬೆವರೊಡೆದು. "ಎಳೀರಿ ಅಂದೆ."

ಪ್ಯಾಂಟು ಇನ್ನೊಂದು ಬೆರಳಿನಷ್ಟು ಹತ್ತಿ ಕಬ್ಬಿಣಕ್ಕೆ ಕಚ್ಚಿಕೊಂಡಿತು. ಇನ್ನು ಮೇಲೂ ಹೋಗದು, ಕೆಳಗೂ ಬಾರದು. ಕೆಳಗೆ ವ್ಯಾನು ಬಂದು ಹಾರನ್ನು ಹೊಡೆಯಿತು.

"ಅಮ್ಮ, ಪಕ್ಕದ ಹೊಲಿಗೆ ಬಿಚ್ಚಿಬಿಡೋಣ" ಎಂದಳು ಮಗಳು. ಲೂಪಕ್ಕ ಆಗಲೇ ಬ್ಲೇಡು ಹಿಡಿದಿದ್ದಳು. ಮಡಿಚಿ ಎರಡೆರಡು ಸಾಲು ಹಾಕಿದ ಹೊಲಿಗೆ, ಒಗೆದು ಇನ್ನೂ ಗಟ್ಟಿಯಾಗಿತ್ತು. ಬ್ಲೇಡು ಜಾರಿ ಬೆರಳಿಗೆ ತಾಗಿತು. ಅವಳು ಬೆರಳನ್ನು ಬಾಯಿಗಿಟ್ಟುಕೊಂಡು ಮತ್ತೆ ಹೂಡಿದಳು. ಮತ್ತೆ ಹಾರನ್ನು.

"ಪೈಜಾಮದಲ್ಲೇ ಹೋಗೋ, ನನ್ನಪ್ಪ" ಎಂದರು ಅತ್ತೆ. "ಬಟ್ಟೆ ನೋಡಿ ಯಾರು ಕೆಲಸ ಕೊಡ್ತಾರೆ? ಹೋಗು, ನಾನು ಹೇಳ್ತೀನಿ."

"ಸಾಕು ಬಿಡಿ" ಎಂದ ಅವನು. ಬೈಗುಳವಲ್ಲ, ಕೂಗಲ್ಲ. ಹಾಸಿಗೆಯ ಬಟ್ಟೆಯನ್ನು ಎಳೆದು ಮಡಿಲ ಮೇಲೆ ಹಾಕಿಕೊಂಡ. "ಎಲ್ಲರೂ ಕೈ ತೆಗೀರಿ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಸೂಪರ್‌ವೈಸರು ತೆರೆದ ಬಾಗಿಲಲ್ಲಿ ನಿಂತರು. ಒಂದು ನೋಟದಲ್ಲಿ ಅವರಿಗೆ ಎಲ್ಲ ತಿಳಿಯಿತು. ಕೂಡಲೇ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರನ್ನು ಓದುವವರಂತೆ ನಿಂತರು.

"ಅವಸರ ಇಲ್ಲ. ಆದ್ರೆ ಮಾಲೀಕರು ಇವತ್ತು ಸ್ಟೋರಿಗೆ ಬರ್ತಾರೆ. ಕುರ್ಚಿ ಖಾಲಿ ಕಂಡ್ರೆ ಅವರ ಭಾವಮೈದ ಒಬ್ಬ ಕಾಯ್ತಾ ಇದ್ದಾನೆ."

"ಕೂರಿಸ್ಲಿ ಸಾರ್, ಅವನನ್ನೇ ಕೂರಿಸ್ಲಿ" ಎಂದ ಮೆಕ್ಯಾನಿಕ್.

ಅತ್ತೆ ಮಗನನ್ನು ನೋಡಿದರು. ಮಗಳು ತಾಯಿಯನ್ನು ನೋಡಿದಳು. ಲೂಪಕ್ಕ ಬ್ಲೇಡನ್ನು ಮೇಜಿನ ಮೇಲಿಟ್ಟಳು.

"ಸಾರ್, ಕುರ್ಚಿ ಖಾಲಿ ಇರಬಾರದು ತಾನೇ? ಇವತ್ತೊಂದಿನ ನಾನು ಬಂದು ಕೂರ್ಲಾ?"

ಸೂಪರ್‌ವೈಸರು ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ. "ನಟ್ಟು ಬೋಲ್ಟು ಏನಾದ್ರೂ ಗೊತ್ತೇನಮ್ಮ?"

"ಇಲ್ಲ."

"ಬಾಮ್ಮ, ಬಂದು ಕೂರು. ಇವತ್ತೊಂದಿನ ಹೇಗೋ ನಾನು ನೋಡ್ಕೊಳ್ತೀನಿ. ಇವನಿಗೆ ಹುಷಾರಿಲ್ಲ ಅಂತೀನಿ. ನಾಳೆ ಇವನು ಬರದಿದ್ರೆ ನನ್ನ ಕೈಲಿಲ್ಲ."

ನಾಳೆಗೆ ಬಟ್ಟೆ ಇರಲಿಲ್ಲ. ಇದ್ದ ಬಟ್ಟೆಯೆಲ್ಲ ಮೆಕ್ಯಾನಿಕನ ಕಾಲಿಗೆ ಕಚ್ಚಿಕೊಂಡಿತ್ತು. ಲೂಪಕ್ಕ ಗಂಡನ ಮುಂದೆ ಹೋಗಿ ನಿಂತಳು.

"ರೀ, ಹೋಗಿ ಬರ್ಲಾ? ಇವತ್ತೊಂದಿನ."

"ಇವತ್ತೊಂದಿನ ಅಂತ ಯಾಕೆ ಸುಳ್ಳು ಹೇಳ್ತೀಯ?" ಎಂದ ಅವನು. ಆಮೇಲೆ ಅವಳ ಕೈ ನೋಡಿ, "ಬೆರಳಿಗೆ ಏನಾದ್ರೂ ಸುತ್ಕೋ" ಎಂದು ಕಿಟಕಿಯ ಕಡೆ ತಿರುಗಿದ.

ಮಗಳು ಕರವಸ್ತ್ರ ಹರಿದು ಬೆರಳಿಗೆ ಕಟ್ಟಿದಳು. ಅತ್ತೆ ಮಗನಿಗೆಂದು ಕಟ್ಟಿದ್ದ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟರು. "ಹೊತ್ತಿಗೆ ಸರಿಯಾಗಿ ತಿನ್ನು" ಎಂದರು. ಡಬ್ಬಿಯೊಳಗೆ ಮೊಟ್ಟೆ ಇರುವುದು ಲೂಪಕ್ಕನಿಗೆ ಗೊತ್ತಿತ್ತು.

ವ್ಯಾನಿನ ಹಿಂದೆ ಹುಡುಗರು ತುಂಬಿದ್ದರು. ಅವಳನ್ನು ಕಂಡು ಮಾತು ನಿಲ್ಲಿಸಿದರು. ಡ್ರೈವರು ಮುಂದಿನ ಬಾಗಿಲು ತೆರೆದ. ಹುಡುಗರು ತಮಗೆ ಕೆಲಸ ಕಲಿಸಿದ ಗುರುವಿಗೆ ಕಾಲು ಚಾಚಲು ಜಾಗ ಇರಲೆಂದು ಆ ಸೀಟನ್ನು ಹಿಂದಕ್ಕೆ, ಹೋಗುವಷ್ಟೂ ಹಿಂದಕ್ಕೆ ತಳ್ಳಿಟ್ಟಿದ್ದರು. ಕೆಳಗೆ ಮೆತ್ತನೆಯ ಗೋಣಿಯೊಂದನ್ನು ಮಡಿಸಿ ಹಾಕಿದ್ದರು. ಲೂಪಕ್ಕ ಹತ್ತಿ ಕೂತಳು.

"ಸೀಟು ಮುಂದೆ ಎಳೀಲಾ ಅಕ್ಕಾ?" ಎಂದು ಡ್ರೈವರು ಕೇಳಿದ. "ನಿಮಗೆ ಇಷ್ಟು ಜಾಗ ಬೇಕಾಗಲ್ಲ."

"ಬೇಡಪ್ಪ. ಹಾಗೇ ಇರ್ಲಿ."

ವ್ಯಾನು ಹೊರಟಿತು. ಕಾಲು ಊರಿ ಹಿಡಿದುಕೊಳ್ಳಲು ಮುಂದೆ ಏನೂ ಎಟುಕದೆ, ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡು ಒಂದೊಂದು ತಿರುವಿನಲ್ಲೂ ಸೀಟಿನ ಮೇಲೆ ಜಾರುತ್ತಿದ್ದಳು.